ಅಕ್ಕ ಕಪ್ಪು ಪರದೆಯ ಮುಂದೆ ಕೂತ ವರ್ಷ

ಕತ್ತಲೆಕೋಣೆಯ ಬಾಗಿಲು ತೆರೆದಾಗ ಹೈಪೋ ವಾಸನೆ ಇನ್ನೂ ಅಲ್ಲೇ ಇತ್ತು. ಎರಡು ವರ್ಷದಿಂದ ಆ ಕೋಣೆಯಲ್ಲಿ ಯಾರೂ ಒಂದು ಫೋಟೋ ತೊಳೆದಿರಲಿಲ್ಲ. ಆದರೂ ಫೋಟೋ ತೊಳೆಯುವ ಆ ಉಪ್ಪಿನ ಹುಳಿ ವಾಸನೆ ಗೋಡೆಯ ಸುಣ್ಣದೊಳಗೆ, ಬಾಗಿಲಿನ ಮರದೊಳಗೆ ಇಳಿದುಬಿಟ್ಟಿತ್ತು. ಅದು 2006ರ ಏಪ್ರಿಲ್ 22. ನಾನು ಮಾಲೂರಿನಲ್ಲಿ ಬೆಳಗ್ಗೆ ಆರೂವರೆಯ ಬಸ್ಸು ಹತ್ತಿ, ಕೋಲಾರದಲ್ಲಿ ಇಳಿದು ಬೇರೆ ಬಸ್ಸು ಹಿಡಿದು ಮುಳಬಾಗಿಲಿಗೆ ಬಂದಿದ್ದೆ. ಅಮ್ಮನ ತಮ್ಮ ಶ್ರೀಕಂಠ ಮಾವ, ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿದ್ದ ತಮ್ಮ ಸ್ಟುಡಿಯೋವನ್ನು ಖಾಲಿ ಮಾಡುತ್ತಿದ್ದರು. ಕಂಪ್ಯೂಟರಿನಲ್ಲಿ ಫೋಟೋ ತೆಗೆದು ಐದು ನಿಮಿಷಕ್ಕೆ ಕೈಗೆ ಕೊಡುವ ಅಂಗಡಿಗಳು ಊರಿಗೆ ಬಂದಿದ್ದವು. ನಿನ್ನ ಸಾಮಾನೇನಾದರೂ ಇದ್ದರೆ ಬಂದು ತೆಗೆದುಕೊಂಡು ಹೋಗು, ಆಮೇಲೆ ಗುಜರಿಯವನು ನನ್ನ ಮಾತು ಕೇಳುವುದಿಲ್ಲ ಎಂದು ಫೋನು ಮಾಡಿದ್ದರು.

ನನ್ನ ಸಾಮಾನು ಎಂದು ಅಲ್ಲಿ ಇದ್ದದ್ದು ಎರಡು. ನಾಲ್ಕು ಗಜದ ಕಪ್ಪು ಮಖಮಲ್ಲು ಒಂದು. ಮುಚ್ಚಳದ ಮೇಲೆ 1998 ಎಂದು ಬರೆದಿದ್ದ ಬಿಸ್ಕೆಟ್ ಡಬ್ಬ ಇನ್ನೊಂದು. ಡಬ್ಬದಲ್ಲಿ ನಾನೇ ನಂಬರು ಹಾಕಿ ಜೋಡಿಸಿದ ಮೂವತ್ತೇಳು ನೆಗೆಟಿವ್‌ಗಳಿದ್ದವು. ನನಗೆ ಬೇಕಾಗಿದ್ದದ್ದು ಇಪ್ಪತ್ತೊಂದನೆಯದು.

ನಾನು ಹೈಸ್ಕೂಲಿನಿಂದಲೂ ದಿನಚರಿ ಬರೆಯುವವನು. ಮನಸ್ಸಿನ ಮಾತು ಅದರಲ್ಲಿ ಕಡಿಮೆ. ಯಾವ ದಿನ ಮಳೆ ಬಂತು, ಬಸ್ಸು ಎಷ್ಟು ತಡವಾಯಿತು, ಯಾವ ಪುಸ್ತಕ ಎಷ್ಟು ಪುಟ ಓದಿದೆ, ಇಂಥವೇ ಹೆಚ್ಚು. ಕೋಲಾರದಲ್ಲಿ ಬಿ.ಎಸ್ಸಿ ಮುಗಿಸಿ, ಕೆಲಸ ಸಿಗುವವರೆಗೆ ಸುಮ್ಮನಿರುವುದು ಬೇಡವೆಂದು 1998ರ ಜನವರಿಯಲ್ಲಿ ಮಾವನ ಸ್ಟುಡಿಯೋ ಸೇರಿದಾಗ ನನಗೆ ಇಪ್ಪತ್ಮೂರು ವರ್ಷ. ಆ ವರ್ಷದ ಡೈರಿಗೆ ಕೆಂಪು ರೆಕ್ಸಿನ್ ಹೊದಿಕೆ. ಅದರಲ್ಲಿ ಪ್ರತಿಯೊಂದು ಫೋಟೋದ ವಿವರವಿದೆ: ಯಾರು, ಎಷ್ಟು ದೀಪ, ದೀಪ ಎಷ್ಟು ದೂರ, ಎಷ್ಟು ಹೊತ್ತು ಬೆಳಕು ಬಿಟ್ಟೆ. ಕರೆಂಟು ಹೇಗಿತ್ತು ಎಂಬುದೂ ಇದೆ. ಸುತ್ತಲಿನ ಹಳ್ಳಿಗಳ ಪಂಪ್‌ಸೆಟ್ಟುಗಳಿಗೆ ಕರೆಂಟು ಬಿಟ್ಟ ಹೊತ್ತಿನಲ್ಲಿ ನಮ್ಮ ದೀಪಗಳು ಹಳದಿಗೆ ತಿರುಗಿ ಸೊರಗುತ್ತಿದ್ದವು. ಟೊಮೆಟೊಗೆ ನೀರು ಹಾಯುವಾಗ ಮುಳಬಾಗಿಲಿನಲ್ಲಿ ಒಳ್ಳೆಯ ಫೋಟೋ ಬರುವುದಿಲ್ಲ ಎಂದು ಮಾವ ಗಿರಾಕಿಗಳಿಗೆ ಹೇಳಿ ಮಧ್ಯಾಹ್ನ ಬನ್ನಿ ಎನ್ನುತ್ತಿದ್ದರು.

ಕಪ್ಪು ಮಖಮಲ್ಲು ಆ ಸ್ಟುಡಿಯೋದಲ್ಲಿ ಮೊದಲಿನಿಂದಲೂ ಇತ್ತು. ಆದರೆ ಅದರ ಮುಂದೆ ಬದುಕಿರುವವರು ಯಾರೂ ಕೂರುತ್ತಿರಲಿಲ್ಲ. ನಮ್ಮ ಕಡೆ ಎಷ್ಟೋ ಜನಕ್ಕೆ ಒಬ್ಬರೇ ಇರುವ ಒಂದು ಫೋಟೋ ಕೂಡ ಇರುತ್ತಿರಲಿಲ್ಲ. ಸತ್ತ ಮೇಲೆ ಮನೆಯವರು ಯಾವುದೋ ಮದುವೆಯ ಗುಂಪಿನ ಫೋಟೋ ತಂದು, ಈ ಮುಖ ಒಂದನ್ನು ದೊಡ್ಡದು ಮಾಡಿಕೊಡಿ ಎನ್ನುತ್ತಿದ್ದರು. ಮಾವ ಆ ಮುಖವನ್ನು ಕತ್ತರಿಯಲ್ಲಿ ಬಿಡಿಸಿ, ಮಖಮಲ್ಲಿನ ಮೇಲಿಟ್ಟು, ಮೇಲಿನಿಂದ ಮತ್ತೆ ಫೋಟೋ ತೆಗೆಯುತ್ತಿದ್ದರು. ಸುತ್ತ ಕಪ್ಪು, ನಡುವೆ ಮುಖ. ತಾಲ್ಲೂಕಿನ ಎಷ್ಟು ಗೋಡೆಗಳ ಮೇಲೆ, ಎಷ್ಟು ಹಾರಗಳ ಹಿಂದೆ ಆ ಒಂದೇ ಮಖಮಲ್ಲು ಇದೆಯೋ ಲೆಕ್ಕವಿಲ್ಲ.

ನಮ್ಮ ಮನೆಯ ಗೋಡೆಯ ಮೇಲೂ ಇತ್ತು. ನನಗೆ ಆರು ವರ್ಷವಿದ್ದಾಗ ಅಪ್ಪ ತೀರಿಕೊಂಡರು. ಅವರ ಮುಖವನ್ನೂ ಮಾವ ಯಾರದೋ ಮದುವೆಯ ಫೋಟೋದಿಂದಲೇ ಕತ್ತರಿಸಿದ್ದು. ಪಕ್ಕದಲ್ಲಿ ನಿಂತಿದ್ದ ಗೆಳೆಯ ಅಪ್ಪನ ಹೆಗಲ ಮೇಲೆ ಕೈ ಹಾಕಿದ್ದನಂತೆ. ಗೆಳೆಯನನ್ನು ಕತ್ತರಿಸಿ ತೆಗೆದರೂ ನಾಲ್ಕು ಬೆರಳು ಅಪ್ಪನ ಹೆಗಲ ಮೇಲೇ ಉಳಿದುಕೊಂಡವು. ಮಾವ ಅದರ ಮೇಲೆ ಬಣ್ಣ ಬಳಿದಿದ್ದರು. ಆದರೂ ಸಂಜೆ ದೀಪ ಹಚ್ಚಿದಾಗ ಬೆರಳುಗಳು ಕಾಣುತ್ತಿದ್ದವು. ಚಿಕ್ಕವರಿದ್ದಾಗ ಅಕ್ಕನೂ ನಾನೂ ಅದು ಯಾರ ಕೈ ಎಂದು ಅಮ್ಮನನ್ನು ಕೇಳಿ ಬೈಸಿಕೊಳ್ಳುತ್ತಿದ್ದೆವು.

ಮಾವನ ಹಳೆಯ ಕಪಾಟಿನಲ್ಲಿ ಮುಖಪುಟ ಹರಿದ ಒಂದು ಛಾಯಾಗ್ರಹಣದ ಪತ್ರಿಕೆ ಸಿಕ್ಕಿತು. ಅದರಲ್ಲಿ ಕಪ್ಪಿನ ಮುಂದೆ ಕೂತ ಒಬ್ಬ ಮುದುಕಿಯ ಮುಖವಿತ್ತು. ಹಣೆಯ ಒಂದೊಂದು ಗೆರೆಯನ್ನೂ ಬೆರಳಿಟ್ಟು ಎಣಿಸಬಹುದಾಗಿತ್ತು. ನಾನೂ ಹಾಗೆ ತೆಗೆಯಬೇಕೆಂದೆ. ಮಾವ ನಕ್ಕರು, ಆದರೆ ಬೇಡವೆನ್ನಲಿಲ್ಲ. "ಕಪ್ಪು ಬಟ್ಟೇಲಿಲ್ಲ ಕಣೋ, ದೂರದಲ್ಲಿದೆ. ಮನುಷ್ಯನ್ನ ಬಟ್ಟೆಯಿಂದ ಐದಡಿ ಮುಂದೆ ತಂದು ಕೂರಿಸು, ದೀಪ ಬಟ್ಟೆ ಮೇಲೆ ಬೀಳ್ದೇ ಇರ್ಲಿ. ಆಗ ಅದು ತಾನಾಗೇ ಕಪ್ಪಾಗುತ್ತೆ" ಎಂದರು.

ನಮ್ಮ ಕೋಣೆಯ ಉದ್ದ ಹನ್ನೆರಡು ಅಡಿ. ಐದಡಿ ಬಿಟ್ಟು ಗಿರಾಕಿಯನ್ನು ಕೂರಿಸಿದರೆ ಕ್ಯಾಮೆರಾ ಬಾಗಿಲಿನ ತನಕ ಹಿಂದೆ ಸರಿಯಬೇಕಾಗಿತ್ತು. ಸ್ಟ್ಯಾಂಡಿನ ಒಂದು ಕಾಲು ಹೊಸಿಲು ದಾಟಿ ಮುಂದಿನ ಭಾಗದಲ್ಲಿದ್ದ ಎಸ್‌ಟಿಡಿ ಬೂತಿನೊಳಗೆ ಬರುತ್ತಿತ್ತು. ಆ ಬೂತು ನೋಡಿಕೊಳ್ಳುತ್ತಿದ್ದವಳು ನನ್ನ ಅಕ್ಕ, ಸುಧಾ. ನನಗಿಂತ ನಾಲ್ಕು ವರ್ಷಕ್ಕೆ ದೊಡ್ಡವಳು. ತೆಳ್ಳಗೆ, ಎತ್ತರ, ದೊಡ್ಡ ಜಡೆ. ಒಳಗೆ ಗಾಜಿನ ಡಬ್ಬಿಯಲ್ಲಿ ನಿಂತು ಯಾರಾದರೂ ಕೂಗಿ ಮಾತಾಡುತ್ತಿದ್ದರೆ, ಅಷ್ಟು ಜೋರಾಗಿ ಕೂಗುವುದಾದರೆ ಫೋನು ಯಾಕೆ, ಗಡಿಯಾಚೆ ಪಲಮನೇರಿಗೆ ಹಾಗೇ ಕೇಳಿಸುತ್ತೆ ಎಂದು ತಮಾಷೆ ಮಾಡುವವಳು. ನಾನು ಫೋಟೋ ತೆಗೆಯುವಾಗ ಅವಳ ಕುರ್ಚಿ ನನ್ನ ಬೆನ್ನ ಹಿಂದೆ ಒಂದು ಮೊಳ ದೂರದಲ್ಲಿರುತ್ತಿತ್ತು. ಆ ವರ್ಷ ನಾನು ತೆಗೆದ ಎಲ್ಲವನ್ನೂ ಅವಳು ನೋಡಿದಳು.

ಮೊದಲು ಕೂತವರು ಆವನಿಯ ಒಬ್ಬ ಹಿರಿಯರು. ಫೆಬ್ರವರಿ 3. ಬಿಳಿ ಪೇಟ, ಬಿಳಿ ಮೀಸೆ. ಪರದೆ ಕಪ್ಪು ಎಂದು ಹೇಳಿದಾಗ, ಹೇಗಿದ್ದರೂ ಅಲ್ಲಿಗೇ ಹೋಗಬೇಕಲ್ಲ ಎಂದು ನಕ್ಕು ಕೂತರು. ಅವರ ಫೋಟೋವನ್ನು ಮುಂದಿನ ಗಾಜಿನಲ್ಲಿಟ್ಟೆವು. ಬಸ್ಸಿಗೆ ಕಾಯುವವರು ನಿಂತು ನೋಡತೊಡಗಿದರು. ಆದರೆ ಹೆಂಗಸರು ಹಿಂಜರಿದರು. ದೇವರಾಯಸಮುದ್ರದಿಂದ ಸೊಸೆಯನ್ನು ಕರೆತಂದಿದ್ದ ಒಬ್ಬ ಅತ್ತೆ, ಮುತ್ತೈದೆಯನ್ನು ಕರಿ ಬಟ್ಟೆಯ ಮುಂದೆ ಕೂರಿಸುತ್ತೀರಾ ಎಂದು ಮಾವನ ಜೊತೆ ಜಗಳಕ್ಕೇ ನಿಂತರು. ಕೊನೆಗೆ ಆಕೆಯೇ ಒಂದು ದಾರಿ ಹೇಳಿದರು. ಪರದೆಯ ಮೂಲೆಗೆ ಒಂದು ಅರಿಶಿನದ ಕೊಂಬು ಕಟ್ಟಿ, ಆಗ ಅದು ಬರೀ ಕರಿ ಬಟ್ಟೆಯಾಗಿ ಉಳಿಯುವುದಿಲ್ಲ ಎಂದರು. ಅಂದಿನಿಂದ ಅದೇ ನಮ್ಮ ಸ್ಟುಡಿಯೋದ ಪದ್ಧತಿಯಾಯಿತು. ಕೊಂಬನ್ನು ಅಮ್ಮನೇ ಮನೆಯಿಂದ ಹಳದಿ ದಾರ ಸುತ್ತಿ ಕೊಟ್ಟಳು. ಬದುಕಿರುವವರಿಗೆ ಕಟ್ಟುವುದು, ಸತ್ತವರ ಮುಖವಿಟ್ಟು ಫೋಟೋ ತೆಗೆಯುವಾಗ ಬಿಚ್ಚಿಡುವುದು.

ಮೇ ತಿಂಗಳ ಕೊನೆಗೆ ಇಪ್ಪತ್ತು ಜನರಾಗಿದ್ದರು. ಅಷ್ಟರಲ್ಲಿ ನನಗೆ ಕೈ ಕುದುರಿತ್ತು. ಬಿಳಿ ಕೂದಲು, ಬಿಳಿ ಬಟ್ಟೆಯವರು ಸುಲಭ. ಕಪ್ಪು ಕೂದಲಿನವರನ್ನು ಕಪ್ಪಿನಿಂದ ಬಿಡಿಸುವುದೇ ಕಷ್ಟ. ಬೆನ್ನ ಹಿಂದಿನಿಂದ ಸ್ವಲ್ಪ ಬೆಳಕು ಬೀಳದಿದ್ದರೆ ತಲೆ ಎಲ್ಲಿ ಮುಗಿಯಿತು, ಪರದೆ ಎಲ್ಲಿ ಶುರುವಾಯಿತು ಗೊತ್ತಾಗುವುದಿಲ್ಲ. ಹಾಲಿನ ಪುಡಿಯ ಡಬ್ಬದ ಎರಡೂ ಬದಿ ಕತ್ತರಿಸಿ, ಅದರೊಳಗೊಂದು ಬಲ್ಬು ಇಳಿಸಿ, ಕೂತವರ ಹಿಂದೆ ಮೇಲಿನಿಂದ ನೇತುಹಾಕಿದೆ. ಕೂದಲಿನ ಅಂಚಿಗೆ ಬೆಳ್ಳಿಯ ಗೆರೆಯಷ್ಟು ಬೆಳಕು ಬಂತು. ಮುಖ್ಯ ದೀಪವನ್ನು ಮುಂದಿನಿಂದ ತೆಗೆದು ಪೂರ್ತಿ ಬದಿಗೆ ಸರಿಸಿದೆ. ಹಾಗೆ ಅಡ್ಡ ಬಿದ್ದ ಬೆಳಕು ಚರ್ಮದ ಮೇಲೆ ಸವರಿಕೊಂಡು ಹೋಗುತ್ತದೆ. ಎದುರಿನ ಬೆಳಕಿನಲ್ಲಿ ಕಾಣದ ಸಣ್ಣ ಉಬ್ಬು ತಗ್ಗೂ ಎದ್ದು ಕಾಣುತ್ತದೆ.

ಜೂನ್ ಎರಡನೆಯ ವಾರ. ಬೂತಿನಲ್ಲಿ ಯಾರೂ ಇರಲಿಲ್ಲ. ನಾನು ಮಖಮಲ್ಲಿನ ಧೂಳು ಒರೆಸುತ್ತಿದ್ದೆ.

"ಲೇ ರಘು, ನಂದೊಂದು ತೆಗಿ. ನಾನೊಬ್ಬಳೇ ಇರ್ಬೇಕು" ಎಂದಳು ಅಕ್ಕ.

ಈಗ ಯಾಕೆ ಎಂದು ಕೇಳಿದೆ.

"ಅಪ್ಪನ ಥರ ನನ್ನನ್ನೂ ಯಾರ್ದೋ ಮದುವೆ ಫೋಟೋದಿಂದ ಕತ್ತರಿಸೋ ಕಷ್ಟ ಮಾವನಿಗ್ಯಾಕೆ? ಮೊದಲೇ ಅವರ ಕತ್ರಿ ಮೊಂಡು."

ಒಳಗಿನಿಂದ ಮಾವ, ಕತ್ತರಿ ಮೊಂಡಾಗಿದ್ದು ನಿನ್ನ ಮೂಗು ಕತ್ತರಿಸೋಕೆ ಹೋಗಿಯೇ ಎಂದರು. ಮೂವರೂ ನಕ್ಕೆವು. ಆ ನಗುವಿನ ಮಧ್ಯೆ ಅವಳು ಹೇಳಿದ್ದರ ಅರ್ಥ ನನಗೆ ತಟ್ಟಲಿಲ್ಲ.

ಮನೆಯಲ್ಲಿ ಅಮ್ಮ ಸುಲಭಕ್ಕೆ ಒಪ್ಪಲಿಲ್ಲ. ಊರಿನವರೆಲ್ಲ ಕೂತರು ಎಂದು ನಮ್ಮ ಮಗುವೂ ಕೂರಬೇಕೇ ಎಂದಳು. ನಾನು ಆ ಇಪ್ಪತ್ತು ಜನರ ಹೆಸರು ಓದಿ ಹೇಳಿದೆ. ಎಲ್ಲರೂ ಗಟ್ಟಿಯಾಗಿದ್ದಾರೆ ಎಂದೆ. ಅಕ್ಕ ಅವಳ ಗಲ್ಲ ಹಿಡಿದು ಬೇಡಿಕೊಂಡಳು. ಕೊನೆಗೆ ಅಮ್ಮ, "ಕೊಂಬು ಕಟ್ಟದೆ ನನ್ನ ಮಗಳನ್ನ ಅದರ ಮುಂದೆ ಕೂರಿಸ್ಬೇಡ. ಹಳೇದು ಬೇಡ, ಹೊಸದು ಕೊಡ್ತೀನಿ" ಎಂದು ದೇವರ ಮುಂದಿಟ್ಟಿದ್ದ ಕೊಂಬನ್ನೇ ದಾರ ಸುತ್ತಿ ಕೊಟ್ಟಳು.

ಜೂನ್ 14, ಮಧ್ಯಾಹ್ನ ಎರಡೂವರೆ. ಅಕ್ಕ ಅಮ್ಮನ ನೇರಳೆ ರೇಷ್ಮೆ ಸೀರೆ ಉಟ್ಟು, ಒಂದು ಎಳೆ ಸರ ಹಾಕಿ ಬಂದಳು. ಬೂತಿನ ಬಾಗಿಲಿಗೆ ಹತ್ತು ನಿಮಿಷ ಬಿಟ್ಟು ಬನ್ನಿ ಎಂಬ ಹಲಗೆ ಹಾಕಿದ್ದಳು. ಕೂರಿಸಿ, ದೀಪ ಹಚ್ಚಿ, ಕ್ಯಾಮೆರಾದ ಗಾಜಿನಲ್ಲಿ ನೋಡಿದೆ. ಅವಳ ಬಲಗಡೆಯಿಂದ ಬೆಳಕು ಬಿದ್ದು ಅರ್ಧ ಮುಖ ಹೊಳೆಯುತ್ತಿತ್ತು. ಇನ್ನರ್ಧ ಕತ್ತಲೊಳಗೆ ಹೋಗಿತ್ತು. ದಿನವೂ ನೋಡುವ ಮುಖ ಅದಲ್ಲವೆನ್ನಿಸಿತು. ಆದರೆ ಚೌಕಟ್ಟಿನ ಮೇಲಿನ ಮೂಲೆಯಲ್ಲಿ ಏನೋ ಮಿನುಗುತ್ತಿತ್ತು. ಅರಿಶಿನದ ಕೊಂಬು. ಅಕ್ಕ ಎತ್ತರದವಳಾದ್ದರಿಂದ ಕ್ಯಾಮೆರಾವನ್ನು ಏರಿಸಿದ್ದೆ. ಹಿಂದಿನ ಡಬ್ಬದ ದೀಪ ನೇರವಾಗಿ ಅದರ ಮೇಲೆ ಬೀಳುತ್ತಿತ್ತು. ಎರಡು ಸಲ ಸರಿಸಿ ಕಟ್ಟಿದರೂ ಹೋಗಲಿಲ್ಲ. ಬಿಚ್ಚಿ ಜೇಬಿಗೆ ಹಾಕಿಕೊಂಡೆ. ಅಕ್ಕ ನೋಡಿದಳು. ಅಮ್ಮನಿಗೆ ಹೇಳಬೇಡ ಎಂದೆ. ನೀನು ಬರೆದುಕೊಳ್ಳದಿದ್ದರೆ ಸಾಕು ಎಂದಳು.

ಕರೆಂಟು ಅಂದು ಇಳಿದಿತ್ತು. ಕಾಲು ಸೆಕೆಂಡು ಬೆಳಕು ಬಿಡಬೇಕಾಗಿತ್ತು. ಅಷ್ಟು ಹೊತ್ತು ಕೂತವರು ಉಸಿರು ಹಿಡಿದು ಅಲುಗಾಡದೆ ಇರಬೇಕು. ಆವನಿಯ ಹಿರಿಯರು ಒಂದೇ ಸಲಕ್ಕೆ ಇದ್ದರು. ಅಕ್ಕನಿಗೆ ಆಗಲಿಲ್ಲ. ನಾನು ಹೂಂ ಎನ್ನುವಷ್ಟರಲ್ಲಿ ಅವಳ ಭುಜ ಏರಿ ಇಳಿಯುತ್ತಿತ್ತು. ಒಂದು, ಎರಡು, ಮೂರು. ನಾಲ್ಕನೆಯದಕ್ಕೆ ನನಗೆ ರೇಗಿತು. "ಒಂದು ಉಸಿರು ಹಿಡಿಯೋಕಾಗಲ್ವೇನೇ ನಿನಗೆ?" ಎಂದೆ. ಅವಳು ಕಣ್ಣು ಮುಚ್ಚಿ ಕೂತಳು. ಆಮೇಲೆ ಕಣ್ಣು ತೆರೆದು, ತೆಗಿ ಎಂಬಂತೆ ನನ್ನನ್ನೇ ನೋಡಿದಳು. ಏಳನೆಯದು ನಿಂತಿತು. ಡೈರಿಯಲ್ಲಿ ಹೀಗಿದೆ: "ಸುಧಾ. ಏಳು ತೆಗೆದೆ, ಆರು ಅಲುಗಾಡಿದವು. ಕೊಂಬು ಮೂಲೆಯಲ್ಲಿ ಹೊಳೆಯುತ್ತಿತ್ತು. ಬಿಚ್ಚಿದೆ."

ಬರೆದುಕೊಳ್ಳಬೇಡ ಎಂದು ಅವಳು ಹೇಳಿದ್ದರೂ ಬರೆದೆ. ನಡೆದದ್ದನ್ನು ಬಿಟ್ಟು ಬರೆದು ನನಗೆ ಅಭ್ಯಾಸವಿರಲಿಲ್ಲ.

ಎರಡು ದಿನದ ಮೇಲೆ ನೆಗೆಟಿವ್ ಅನ್ನು ದೀಪದ ಪೆಟ್ಟಿಗೆಯ ಮೇಲಿಟ್ಟು ಭೂತಗನ್ನಡಿಯಲ್ಲಿ ನೋಡಿದೆ. ಕುತ್ತಿಗೆಯ ಬಲಬದಿಯಲ್ಲಿ, ಕಿವಿಯ ಕೆಳಗಿನಿಂದ ಸರದ ತನಕ ಒಂದು ಗೆರೆ ಇತ್ತು. ಹಗ್ಗದಂತೆ ಉಬ್ಬಿದ ಗೆರೆ, ಅದರ ಪಕ್ಕದಲ್ಲೇ ನೆರಳು. ಉಳಿದ ಇಪ್ಪತ್ತು ಜನರಲ್ಲಿ ಯಾರ ಕುತ್ತಿಗೆಯಲ್ಲೂ ಹಾಗಿರಲಿಲ್ಲ. ನನ್ನ ದೀಪ ಜಾಸ್ತಿ ಅಡ್ಡವಾಯಿತು, ಅದಕ್ಕೇ ಹೀಗೆ ಕೆಟ್ಟಿದೆ ಎಂದುಕೊಂಡೆ. ಮೊಡವೆ, ಕಲೆ, ಕಣ್ಣಿನ ಕೆಳಗಿನ ಕಪ್ಪು ಬಂದಾಗ ನಾವು ಮಾಡುತ್ತಿದ್ದದ್ದನ್ನೇ ಮಾಡಿದೆ. ನೆಗೆಟಿವ್ ಮೇಲೆ ಮದ್ದು ಹಚ್ಚಿ ಒಣಗಿಸಿ, ಸೂಜಿಯಂತೆ ಚೂಪು ಮಾಡಿದ ಪೆನ್ಸಿಲ್ಲಿನಲ್ಲಿ ಆ ಗೆರೆಯನ್ನು ಚುಕ್ಕಿ ಚುಕ್ಕಿಯಾಗಿ ತುಂಬಿದೆ. ನೆಗೆಟಿವ್‌ನಲ್ಲಿ ತುಂಬಿದ್ದು ಕಾಗದದ ಮೇಲೆ ಬೆಳ್ಳಗೆ ಬರುತ್ತದೆ. ನೆರಳು ಮಾಯವಾಯಿತು. "ಜೂನ್ 16. ಕುತ್ತಿಗೆಯ ಬಲಗಡೆ ಗೆರೆ. ಪೆನ್ಸಿಲ್, ನಲವತ್ತು ನಿಮಿಷ. ಹೋಯಿತು."

ಅಕ್ಕ ಫೋಟೋವನ್ನು ಬಾಗಿಲಿನ ಬೆಳಕಿಗೆ ಹಿಡಿದು ನೋಡಿದಳು. ಮಾವ ನನ್ನ ಬೆನ್ನು ತಟ್ಟಿ, ನಾನು ಇಪ್ಪತ್ತೈದು ವರ್ಷದಲ್ಲಿ ಇಂಥದ್ದೊಂದು ತೆಗೆದಿಲ್ಲ ಎಂದರು. ಅವರು ಅತ್ತ ಹೋದ ಮೇಲೆ ಅಕ್ಕ ತನ್ನ ಕುತ್ತಿಗೆಯನ್ನು ಎರಡು ಬೆರಳಿನಲ್ಲಿ ಮುಟ್ಟಿಕೊಂಡಳು.

"ಇಲ್ಲಿ ಸಾಫ್ ಮಾಡಿದ್ಯಾ?"

"ನೆರಳು ಬಿದ್ದಿತ್ತು."

"ಹೂಂ" ಎಂದಳು. ಫೋಟೋವನ್ನು ಕಾಗದದಲ್ಲಿ ಸುತ್ತಿ ಬೂತಿನ ಮೇಜಿನೊಳಗಿಟ್ಟಳು.

ಆ ವರ್ಷ ನಾನು ಬರೆದುಕೊಳ್ಳದ್ದು ಒಂದೇ. ನಮ್ಮ ಮನೆ ಮಹಡಿಯ ಮೇಲೆ. ಹದಿನೆಂಟು ಮೆಟ್ಟಿಲು. ಸಂಕ್ರಾಂತಿಯ ಹೊತ್ತಿಗೆ ಅಕ್ಕ ಒಂದೇ ಉಸಿರಿಗೆ ಹತ್ತುತ್ತಿದ್ದಳು. ಮಳೆಗಾಲದ ಹೊತ್ತಿಗೆ ನಡುವೆ ನಿಂತು, ಗೋಡೆಗೆ ಕೈಯಿಟ್ಟು, ಕೆಳಗಿನ ಬೀದಿ ನೋಡುವಂತೆ ಮಾಡುತ್ತಿದ್ದಳು. ಆಮೇಲಾಮೇಲೆ ಎರಡು ಸಲ ನಿಲ್ಲುತ್ತಿದ್ದಳು. ಸೋಮಾರಿ ಎಂದು ನಾವು ರೇಗಿಸುತ್ತಿದ್ದೆವು. ಆಗಸ್ಟಿನಲ್ಲಿ ಎರಡು ದಿಂಬು ಇಟ್ಟುಕೊಂಡು ಮಲಗತೊಡಗಿದಳು. ಸೆಪ್ಟೆಂಬರಿನಲ್ಲಿ ಪಾದ ಊದಿಕೊಂಡಿತು. ಬೂತಿನಲ್ಲಿ ದಿನವಿಡೀ ಕಾಲು ಇಳಿಬಿಟ್ಟು ಕೂರುತ್ತಾಳೆ, ಅದಕ್ಕೇ ಎಂದು ಅಮ್ಮ ಹರಳೆಣ್ಣೆ ತಿಕ್ಕಿದಳು. ಅಕ್ಕ ಚಿಕ್ಕವಳಿದ್ದಾಗ ಮಂಡಿ ನೋವು, ಜ್ವರ ಎಂದು ತಿಂಗಳುಗಟ್ಟಲೆ ಮಲಗಿದ್ದಳಂತೆ. ಅದು ಯಾರಿಗೂ ನೆನಪಾಗಲಿಲ್ಲ.

ಅಕ್ಟೋಬರ್ 7ರಂದು ಮಳೆ ಹಿಡಿದುಕೊಂಡಿತ್ತು. ಬೂತಿನಲ್ಲಿ ಕೂತಲ್ಲೇ ಅವಳಿಗೆ ಉಸಿರು ಸಿಗಲಿಲ್ಲ. ಮಾವ ಒಂದು ಬಾಡಿಗೆ ಕಾರು ಮಾಡಿ ಕೋಲಾರಕ್ಕೆ ಕರೆದೊಯ್ದರು. ಅಲ್ಲಿನ ವೈದ್ಯರು ವಯಸ್ಸಾದವರು, ಸಮಾಧಾನದವರು. ಅವಳನ್ನು ಒರಗಿಸಿ ಕೂರಿಸಿ, ಜೇಬಿನಿಂದ ಸಣ್ಣ ಟಾರ್ಚು ತೆಗೆದು, ಅದನ್ನು ಕುತ್ತಿಗೆಯ ಬಲಬದಿಗೆ ಅಡ್ಡವಾಗಿ ಹಿಡಿದರು. ಆ ಕೋನ ನನಗೆ ಗೊತ್ತಿತ್ತು. ನನ್ನ ದೀಪ ನಿಂತದ್ದು ಅಲ್ಲೇ. ಅದೇ ಗೆರೆ ಎದ್ದು ಕಂಡಿತು. ಹಗ್ಗದಂತೆ, ಕಿವಿಯ ಕೆಳಗಿನಿಂದ. ಟಾರ್ಚಿನ ಬೆಳಕಿನಲ್ಲಿ ಅದು ಮಿಡಿಯುವುದೂ ಕಾಣುತ್ತಿತ್ತು.

ಹೊರಗೆ ಕರೆದು ಕೇಳಿದರು. "ಹೃದಯದ ಬಾಗಿಲು ಕೆಟ್ಟಿದೆಯಪ್ಪ. ಚಿಕ್ಕ ವಯಸ್ಸಿನ ಜ್ವರದಲ್ಲೇ ಕೆಟ್ಟಿರುತ್ತೆ. ಈ ನರ ಇಷ್ಟು ಉಬ್ಬಿದೆಯಲ್ಲ, ಯಾವಾಗಿನಿಂದ ಹೀಗಿದೆ?"

ಜೂನ್ 14, ಮಧ್ಯಾಹ್ನ ಎರಡೂವರೆ ಎಂದು ನಾನು ಹೇಳಬಹುದಾಗಿತ್ತು. "ಗೊತ್ತಿಲ್ಲ ಸಾರ್" ಎಂದೆ.

ಆಗಲೇ ತಂದಿದ್ದರೆ ಎಂದೇನೋ ಶುರು ಮಾಡಿ ಅವರು ನನ್ನ ಮುಖ ನೋಡಿ ನಿಲ್ಲಿಸಿದರು. ಅಕ್ಕ ನಾಲ್ಕು ದಿನ ಇದ್ದಳು. ಮೂರನೆಯ ದಿನ ಸ್ವಲ್ಪ ಗೆಲುವಾಗಿ, ಬೂತಿಗೆ ಯಾರು ಕೂತಿದ್ದಾರೆ ಎಂದು ಕೇಳಿದಳು. ಮಾವ ಎಂದೆ. ಹಾಗಾದರೆ ಮುಳಬಾಗಿಲಿನಲ್ಲಿ ಇನ್ನು ಯಾರಿಗೂ ಫೋನು ಸಿಗುವುದಿಲ್ಲ ಬಿಡು ಎಂದಳು. ಅಕ್ಟೋಬರ್ 11ರ ಬೆಳಗ್ಗೆ ಹೋದಳು.

ಹದಿಮೂರು ದಿನ ಕಳೆದ ಮೇಲೆ ಮಾವ ಆ ಫೋಟೋವನ್ನು ದೊಡ್ಡದು ಮಾಡಿಸಿ, ಕಟ್ಟು ಹಾಕಿಸಿ ತಂದರು. ಅಪ್ಪನ ಪಕ್ಕ ಮೊಳೆ ಹೊಡೆಯಲು ಸುತ್ತಿಗೆಯನ್ನೂ ತಂದಿದ್ದರು. ಅಮ್ಮ ತಡೆದಳು. ಅಂದು ಕೊಂಬು ಕಟ್ಟಿದ್ದೆಯಾ ಎಂದು ನನ್ನನ್ನು ಕೇಳಿದಳು. ನನಗೆ ಸುಳ್ಳು ಬರಲಿಲ್ಲ, ನಿಜವೂ ಬರಲಿಲ್ಲ. ಅಮ್ಮ ನಾಲ್ಕನೆಯ ಕ್ಲಾಸು ಓದಿದವಳು. ಎದ್ದು ಹೋಗಿ ಗೂಡಿನಲ್ಲಿದ್ದ ಕೆಂಪು ಡೈರಿ ತಂದು, ಕಿಟಕಿಯ ಹತ್ತಿರ ಕೂತು, ತಾರೀಖು ಹುಡುಕಿ, ಅಕ್ಷರದ ಕೆಳಗೆ ಬೆರಳಿಟ್ಟು ಗಟ್ಟಿಯಾಗಿ ಓದಿದಳು. ಏಳು ತೆಗೆದೆ. ಆರು ಅಲುಗಾಡಿದವು. ಕೊಂಬು ಮೂಲೆಯಲ್ಲಿ ಹೊಳೆಯುತ್ತಿತ್ತು. ಬಿಚ್ಚಿದೆ.

"ಬಿಚ್ಚಿದೆ ಅಂತ ನಿನ್ನ ಕೈಯಲ್ಲೇ ಬರ್ದಿದ್ದೀಯ" ಎಂದಳು. ಅವಳು ಪುಟ ತಿರುವಲಿಲ್ಲ. ಮುಚ್ಚಿ ನನ್ನ ಮುಂದಿಟ್ಟಳು. ಸಿಟ್ಟಿಗೂ ದುಃಖಕ್ಕೂ ನಮ್ಮ ಮನೆಯಲ್ಲಿ ತೆಲುಗೇ ಬರುವುದು. "ನಾಕೀ ಫೋಟೋ ಒದ್ದುರಾ" ಎಂದಳು, ನನಗೆ ಈ ಫೋಟೋ ಬೇಡ ಎಂದು. ಮಾವ ಸುತ್ತಿಗೆಯನ್ನು ಚೀಲಕ್ಕೆ ಹಾಕಿಕೊಂಡು ಕಟ್ಟು ಹಾಕಿದ ಫೋಟೋವನ್ನು ವಾಪಸು ತೆಗೆದುಕೊಂಡು ಹೋದರು.

ಮುಂದಿನ ಪುಟದಲ್ಲಿದ್ದದ್ದನ್ನು ನಾನು ಹೇಳಲಿಲ್ಲ. ಅಮ್ಮ ಕೊಂಬಿನ ವಿಷಯವನ್ನೇ ಹಿಡಿದುಕೊಂಡಿದ್ದಳು. ನಿಜವಾದ ತಪ್ಪು ಅದರ ಹಿಂದೆ ಅಡಗಿ ಕೂತಿತು. ನಾನು ಕೂತಿರಲು ಬಿಟ್ಟೆ.

ಮಖಮಲ್ಲನ್ನು ಅದೇ ತಿಂಗಳು ಸುತ್ತಿಟ್ಟೆವು. ಒಟ್ಟು ಮೂವತ್ತೇಳು ಜನ ಅದರ ಮುಂದೆ ಕೂತಿದ್ದರು. ಒಂದೂವರೆ ವರ್ಷ ನಾನು ಆ ಪಟ್ಟಿ ಹಿಡಿದು ಓಡಾಡಿದೆ. ಭಾನುವಾರಗಳಲ್ಲಿ ಆವನಿಗೆ, ದೇವರಾಯಸಮುದ್ರಕ್ಕೆ, ಶ್ರೀನಿವಾಸಪುರದ ಕಡೆಯ ಎರಡು ಹಳ್ಳಿಗಳಿಗೆ ಹೋಗಿ, ನಿಮ್ಮ ಫೋಟೋ ಮಾಸಿಲ್ಲ ತಾನೆ ಎಂದು ಕೇಳುವ ನೆಪದಲ್ಲಿ ಅವರು ಇದ್ದಾರೆಯೇ ಎಂದು ನೋಡಿ ಬಂದೆ. ದೇವರಾಯಸಮುದ್ರದ ಆ ಸೊಸೆಯ ಮಡಿಲಲ್ಲಿ ಮಗುವಿತ್ತು. ಆವನಿಯ ಹಿರಿಯರು ಜಗಲಿಯ ಮೇಲೆ ಕೂತು, ಇನ್ನೂ ಕರೆ ಬಂದಿಲ್ಲವಪ್ಪ ಎಂದರು. ಎಲ್ಲರ ಮುಂದೆಯೂ ಗುರುತು ಹಾಕಿ ಅಮ್ಮನ ಮುಂದಿಟ್ಟೆ. ಮೂವತ್ತೇಳರಲ್ಲಿ ಮೂವತ್ತಾರು ಜನ ಇದ್ದಾರಮ್ಮ ಎಂದೆ.

"ಮೂವತ್ತಾರು ಜನ ನನ್ನ ಮಕ್ಕಳಲ್ಲ" ಎಂದಳು.

ಆಮೇಲೆ ನಾನು ಆ ಮಾತೆತ್ತಲಿಲ್ಲ. ಮಾಲೂರಿನ ಹೈಸ್ಕೂಲೊಂದರಲ್ಲಿ ವಿಜ್ಞಾನದ ಮೇಷ್ಟ್ರ ಕೆಲಸ ಸಿಕ್ಕಿತು. ಅಮ್ಮನೂ ಜೊತೆಗೆ ಬಂದಳು. ಹೆಂಚಿನ ಕಾರ್ಖಾನೆಯ ಹಿಂದಿನ ಬಾಡಿಗೆ ಮನೆಯಲ್ಲಿ ಅಪ್ಪನ ಫೋಟೋ ಒಂದೇ ಗೋಡೆಗೆ ಬಂತು. 1998ರ ಡೈರಿ ನನ್ನ ಪೆಟ್ಟಿಗೆಯ ತಳದಲ್ಲಿತ್ತು. ಅಮ್ಮ ನನ್ನ ಜೊತೆ ಮಾತು ಬಿಟ್ಟಿರಲಿಲ್ಲ. ಊಟ ಬಡಿಸುತ್ತಿದ್ದಳು, ಜ್ವರ ಬಂದರೆ ಹಣೆಗೆ ಬಟ್ಟೆ ಹಾಕುತ್ತಿದ್ದಳು. ಅಕ್ಕನ ಹೆಸರನ್ನು ಮಾತ್ರ ನನ್ನ ಮುಂದೆ ಎತ್ತುತ್ತಿರಲಿಲ್ಲ. ಏಳೂವರೆ ವರ್ಷ.

ಏಪ್ರಿಲ್ 22ರಂದು ಹೈಪೋ ವಾಸನೆಯ ನಡುವೆ ನಿಂತು, ಇಪ್ಪತ್ತೊಂದನೆಯ ನೆಗೆಟಿವ್ ಅನ್ನು ಕಿಟಕಿಗೆ ಹಿಡಿದೆ. ಪೆನ್ಸಿಲ್ಲಿನ ಚುಕ್ಕಿಗಳು ಹಾಗೇ ಇದ್ದವು. ಟರ್ಪೆಂಟೈನ್ ಇದೆಯೇ ಎಂದು ಮಾವನನ್ನು ಕೇಳಿದೆ. ಪೆನ್ಸಿಲ್ ಅಳಿಸಲಿಕ್ಕೆ ಎಂದು ಅವರಿಗೆ ಅರ್ಥವಾಯಿತು.

"ಈಗ ಯಾಕೋ ಅದನ್ನ ಕೆದಕ್ತೀಯ? ಚೆನ್ನಾಗೇ ಇದೆಯಲ್ಲ" ಎಂದರು.

ಚೆನ್ನಾಗಿರುವುದೇ ತಪ್ಪು ಎಂದು ಹೇಳಿ, ಮೊದಲ ಸಲ ಅವರಿಗೆ ಎಲ್ಲವನ್ನೂ ಹೇಳಿದೆ. ಮಾವ ಮುರಿದ ಸ್ಟೂಲಿನ ಮೇಲೆ ಕೂತು ಕೇಳಿದರು. ಆಮೇಲೆ ಎದ್ದು, ಅಟ್ಟದಿಂದ ಉಳಿದ ಪುಡಿಯ ಪೊಟ್ಟಣಗಳನ್ನು ಇಳಿಸಿ, ನೀರು ಕಾಯಿಸಿ ಮದ್ದು ಕಲಸಿದರು. ಗುಜರಿಗೆಂದು ಹೊರಗಿಟ್ಟಿದ್ದ ಮೂರು ತಟ್ಟೆ ಒಳಗೆ ಬಂದವು. ನಾನು ಹತ್ತಿಯಲ್ಲಿ ಟರ್ಪೆಂಟೈನ್ ಅದ್ದಿ ಮೆಲ್ಲಗೆ ಸವರಿದೆ. ಎಂಟು ವರ್ಷದ ಹಿಂದಿನ ನಲವತ್ತು ನಿಮಿಷದ ಕೆಲಸ ಒಂದು ನಿಮಿಷಕ್ಕೆ ಹೋಯಿತು. ಕಾಗದ ಹಳೆಯದಾಗಿತ್ತು. ಎರಡು ಹಾಳಾದವು. ಮೂರನೆಯದನ್ನು ಮದ್ದಿನಲ್ಲಿ ಬಿಟ್ಟಾಗ, ಕೆಂಪು ದೀಪದ ಕೆಳಗೆ ಮೊದಲು ಸುತ್ತಲಿನ ಕಪ್ಪು ಬಂತು, ಆಮೇಲೆ ಕಣ್ಣು, ಆಮೇಲೆ ಜಡೆಯ ಅಂಚು. ಕೊನೆಗೆ ಕುತ್ತಿಗೆಯ ಮೇಲೆ ಆ ಗೆರೆ. ಮಾವ ಬಾಗಿ ನೋಡಿ, ಹೊರಗೆ ಹೋಗಿ ಬಾಗಿಲು ಎಳೆದುಕೊಂಡರು.

ಒಣಗಿದ ಫೋಟೋವನ್ನು ಹಳೆಯ ಪೇಪರಿನ ನಡುವೆ ಇಟ್ಟು ಮಾಲೂರಿಗೆ ತಂದೆ. ಸಂಜೆ ಐದೂವರೆ. ಅಮ್ಮ ಜಗಲಿಯ ಮೇಲೆ ಹುಣಸೆಹಣ್ಣಿನ ಬೀಜ ಬಿಡಿಸುತ್ತ ಕೂತಿದ್ದಳು. ಏನದು ಎಂದಳು. ಅಕ್ಕ ಎಂದೆ. ಬೇಡ ಎನ್ನಲಿಲ್ಲ. ಕೈಗೆ ಹುಣಸೆ ಅಂಟಿದ್ದರಿಂದ ನಾನೇ ಅವಳ ಮುಂದೆ ಹಿಡಿದೆ.

"ಇಲ್ಲೊಂದು ನರ ಇದೆ ನೋಡಮ್ಮ. ಆವತ್ತೇ ಇತ್ತು. ಫೋಟೋ ಚೆನ್ನಾಗಿ ಬರ್ಲಿ ಅಂತ ಪೆನ್ಸಿಲ್ ಹಾಕಿ ಅಳಿಸ್ಬಿಟ್ಟಿದ್ದೆ. ಡಾಕ್ಟ್ರು ಕೇಳಿದಾಗ ಗೊತ್ತಿಲ್ಲ ಅಂದೆ."

ಅಮ್ಮ ಫೋಟೋ ನೋಡುತ್ತಿದ್ದಳು. ಕೈಯನ್ನು ಸೆರಗಿಗೆ ಒರೆಸಿಕೊಂಡಳು. ಒರೆಸಿದ್ದು ಸಾಲದೆಂದು ಚೊಂಬಿನ ನೀರಿನಲ್ಲಿ ತೊಳೆದು ಮತ್ತೆ ಒರೆಸಿಕೊಂಡು, ಫೋಟೋವನ್ನು ನನ್ನ ಕೈಯಿಂದ ತೆಗೆದುಕೊಂಡಳು. ಬೆರಳು ಬೆಳಕಿದ್ದ ಬದಿಗೆ ಹೋಗಲಿಲ್ಲ. ಇನ್ನೊಂದು ಬದಿಗೆ, ಏನೂ ಕಾಣದ ಕತ್ತಲಿನ ಮೇಲೆ ಹೋಯಿತು.

"ಎಡಗಡೇನೂ ಇತ್ತು" ಎಂದಳು.

ನನಗೆ ತಿಳಿಯಲಿಲ್ಲ.

"ಇದೇ ನರ. ಎಡಗಡೇನೂ ಇತ್ತು. ಇದರಲ್ಲಿ ಕತ್ಲಿಗೆ ಹೋಗಿದೆ, ಅಷ್ಟೇ. ಜಡೆ ಹಾಕುವಾಗ ದಿನಾ ನೋಡ್ತಿದ್ದೆ. ಯುಗಾದಿ ದಿನ ಎಣ್ಣೆ ಒತ್ತುವಾಗ ಕೈಗೇ ಸಿಕ್ತು. ಏನೇ ಇದು ಅಂದೆ. ಏನಿಲ್ಲಮ್ಮ ಅಂದ್ಳು. ತೆಳ್ಳಗಿದ್ದಾಳೆ, ಅದಕ್ಕೇ ಕಾಣುತ್ತೆ ಅಂತ ಸುಮ್ನಾದೆ."

ಯುಗಾದಿ. ನನ್ನ ತಾರೀಖಿಗಿಂತ ಹನ್ನೊಂದು ವಾರ ಮೊದಲು. ಹೊರಗೆ ಹೆಂಚಿನ ಲಾರಿಯೊಂದು ಹೋಯಿತು.

"ಕೊಂಬು ಬಿಚ್ಚಿದ್ದಕ್ಕೇನೂ ಅಲ್ಲ ಕಣೋ" ಎಂದಳು ಅಮ್ಮ. ಫೋಟೋವನ್ನು ತೊಡೆಯ ಮೇಲಿಟ್ಟುಕೊಂಡು, "ಆ ಪೆನ್ಸಿಲ್ ಹಾಕಿದ್ದು ನಿನ್ನ ಪುಸ್ತಕದಲ್ಲಿ ಬರ್ಕೊಂಡಿದ್ದೀಯಾ?" ಎಂದು ಕೇಳಿದಳು.

"ಬರ್ಕೊಂಡಿದ್ದೀನಿ. ನೀನು ಓದಿದ್ದರ ಮುಂದಿನ ಪುಟದಲ್ಲೇ ಇತ್ತು."

"ಹಂಗಾದ್ರೆ ನಂದೂ ಬರ್ಕೋ. ತಾರೀಖು ನೀನೇ ನೋಡಿ ಹಾಕು."

ಒಳಗೆ ಹೋಗಿ ಪೆಟ್ಟಿಗೆಯ ತಳದಿಂದ ಕೆಂಪು ಡೈರಿ ತಂದೆ. ಯುಗಾದಿಯ ಪುಟದಲ್ಲಿ ಮೂರೇ ಸಾಲಿದ್ದವು, ಕೆಳಗೆ ಜಾಗವಿತ್ತು. ಅಮ್ಮ ಹೇಳಿದ್ದನ್ನು ಅವಳು ಹೇಳಿದಂತೆಯೇ ಬರೆದೆ. ಏನು ಬರೆದೆ ಓದು ಎಂದಳು. ಓದಿದೆ. ಎಣ್ಣೆ ಒತ್ತುವಾಗ ಎಂಬುದನ್ನು ಬಿಟ್ಟಿದ್ದೀಯ, ಅದನ್ನೂ ಸೇರಿಸು ಎಂದಳು. ಸೇರಿಸಿದೆ. ಅಷ್ಟು ಹೊತ್ತೂ ಫೋಟೋ ಅವಳ ತೊಡೆಯ ಮೇಲಿತ್ತು. ಎಡಗೈಯ ಎರಡು ಬೆರಳು ಆ ಕತ್ತಲಿನ ಮೇಲೇ ಇದ್ದವು.